ಕಾರು ನೋಡುವ ಮೊದಲು ಗೋಡೆಯ ಪ್ಲಗ್ ನೋಡಿ

ಹುಬ್ಬಳ್ಳಿಯಲ್ಲಿ ಮನೆಗಳ ವೈರಿಂಗ್ ಮಾಡುತ್ತ ನನಗೆ ಇಪ್ಪತ್ತು ವರ್ಷ ದಾಟಿದೆ. ಈಗೀಗ ಎಲೆಕ್ಟ್ರಿಕ್ ಕಾರಿಗೆ ಪ್ಲಗ್ ಹಾಕಿಕೊಡಿ ಅಂತ ಕರೆಯುವವರೇ ಜಾಸ್ತಿ. ಎಲ್ಲರೂ ಮೊದಲು ಕೇಳುವುದು ಒಂದೇ: "ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟು ದೂರ ಹೋಗ್ತೈತ್ರಿ?" ನಾನು ತಿರುಗಿ ಕೇಳುವುದೂ ಒಂದೇ: "ರಾತ್ರಿ ಗಾಡಿ ಎಲ್ಲಿ ನಿಂದರ್ತೈತ್ರಿ?"

ದೂರದ ಚಿಂತೆ ನಮ್ಮ ಕಡೆ ಅಷ್ಟು ಬೇಡ. ಹುಬ್ಬಳ್ಳಿಯಿಂದ ಧಾರವಾಡ 20 ಕಿ.ಮೀ. ಚಿಲ್ಲರೆ, ಗದಗ 60ರ ಆಸುಪಾಸು. 24 ಯೂನಿಟ್ (ಕಿಲೋವಾಟ್-ಅವರ್) ಬ್ಯಾಟರಿಯ ಸಣ್ಣ ಕಾರು ಎಸಿ ಹಾಕಿಕೊಂಡೇ 150 ಕಿ.ಮೀ. ಹತ್ತಿರ ಓಡುತ್ತದೆ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವವರ ಮಾತು ಬೇರೆ.

ವಿದ್ಯಾನಗರದಿಂದ ದಿನಾ ಧಾರವಾಡಕ್ಕೆ ಕೆಲಸಕ್ಕೆ ಹೋಗುವ ಒಬ್ಬರ ಲೆಕ್ಕ ನೋಡೋಣ. ದಿನಕ್ಕೆ 50 ಕಿ.ಮೀ., ತಿಂಗಳಿಗೆ 1,250. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೂ 83 ಲೀಟರ್ ಬೇಕು. ಲೀಟರಿಗೆ ಬರೀ 100 ಅಂತ ಹಿಡಿದರೂ 8,300 ರೂಪಾಯಿ. ಎಲೆಕ್ಟ್ರಿಕ್ ಕಾರಿಗೆ, ಚಾರ್ಜ್ ಆಗುವಾಗ ಸೋರಿಹೋಗುವ ಕರೆಂಟೂ ಸೇರಿ, 190 ಯೂನಿಟ್ ಸಾಕು. ಯೂನಿಟ್‌ಗೆ 7 ರೂಪಾಯಿ ಅಂದರೂ 1,330.

ಇಲ್ಲಿ ಗೃಹಜ್ಯೋತಿಯ ಮಾತು ಹೇಳಲೇಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಮನೆಗೆ 90 ಯೂನಿಟ್ ಸುಡುತ್ತಿದ್ದವರು ಕಾರು ಬಂದ ಮೇಲೆ 280ಕ್ಕೆ ಬರುತ್ತಾರೆ. ಸೊನ್ನೆ ಬಿಲ್ ಇದ್ದ ಮನೆಗೆ 1,960 ರೂಪಾಯಿ ಬಂದಾಗ ಮನೆಯವರು ಗಾಬರಿಯಾಗುತ್ತಾರೆ. ಪೆಟ್ರೋಲ್ ಖರ್ಚಿನ ಪಕ್ಕ ಇಟ್ಟು ನೋಡಿದರೆ ಆಗಲೂ ಲಾಭವೇ. ಗಾಡಿ ಚಾರ್ಜಿಂಗಿಗೆ ಅಂತಲೇ ಬೇರೆ ದರವೂ ಇದೆ. ಬೇರೆ ಮೀಟರ್ ಹಾಕಿಸಿಕೊಳ್ಳುವ ಬಗ್ಗೆ ಹೆಸ್ಕಾಂ ಕಚೇರಿಯಲ್ಲಿ ಕೇಳಿ, ಕಾರು ಬುಕ್ ಮಾಡುವ ಮೊದಲೇ ಕೇಳಿ.

ಈಗ ಗೋಡೆಯ ಮಾತು. ಕಾರಿನ ಜೊತೆ ಬರುವ ಚಾರ್ಜರ್ 15 ಆಂಪ್ ಪ್ಲಗ್‌ಗೆ ಹಾಕುವಂಥದ್ದು. "ಗೀಸರ್ ಪ್ಲಗ್ ಐತಲ್ರಿ, ಸಾಕಲ್ಲ?" ಅನ್ನುತ್ತಾರೆ. ಸಾಲದು. ನೀರು ಕಾದ ಮೇಲೆ ಗೀಸರ್ ತಾನೇ ನಿಲ್ಲುತ್ತದೆ. ಕಾರು ಹಾಗಲ್ಲ. ಸುಮಾರು 3 ಕಿಲೋವಾಟ್ ಲೋಡನ್ನು ಒಂದೇ ಸಮ ಎಳೆಯುತ್ತದೆ, ಖಾಲಿ ಬ್ಯಾಟರಿಯಾದರೆ ಎಂಟು ತಾಸು. ಸಡಿಲ ಸಾಕೆಟ್ ಅಷ್ಟು ಹೊತ್ತಿಗೆ ಕರಗುತ್ತದೆ. ಕಪ್ಪಾಗಿ ಬೆಂದ ಸಾಕೆಟ್‌ಗಳನ್ನು ನಾನು ಎಷ್ಟೋ ಬಿಚ್ಚಿದ್ದೇನೆ. ಮೀಟರ್ ಬೋರ್ಡಿನಿಂದಲೇ ಕಾರಿಗೆ ಬೇರೆ ಲೈನ್ ಎಳೆಸಿ. 4 ಎಂಎಂ ತಾಮ್ರದ ವೈರ್, 20 ಆಂಪ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಕಟ್ ಆಗುವ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಆಗುವ ಸ್ವಿಚ್) ಇರಲಿ. ಮನೆಯ ಮಂಜೂರಾದ ಲೋಡ್ 1 ಅಥವಾ 2 ಕಿಲೋವಾಟ್ ಇದ್ದರೆ ಅದನ್ನೂ ಏರಿಸಬೇಕು. ದುಡ್ಡು ಸುರಿದು ದೊಡ್ಡ ಚಾರ್ಜರ್ ಹಾಕಿಸುವ ಅಗತ್ಯ ದಿನದ ಓಡಾಟಕ್ಕಿಲ್ಲ. 50 ಕಿ.ಮೀ.ಗೆ ಬೇಕಾದ ಕರೆಂಟು ಮೂರು ತಾಸಿನೊಳಗೆ ತುಂಬುತ್ತದೆ.

ಎಲ್ಲಕ್ಕಿಂತ ದೊಡ್ಡ ವಿಷಯ ಅರ್ಥಿಂಗ್, ಅಂದರೆ ದೋಷ ಬಂದಾಗ ಕರೆಂಟನ್ನು ನೆಲಕ್ಕೆ ಇಳಿಸುವ ವೈರು, ಗುಂಡಿಯಲ್ಲಿ ಹೂತ ಪೈಪು. ಕಳೆದ ಬೇಸಿಗೆಯಲ್ಲಿ ಕೇಶ್ವಾಪುರದ ಮಾಸ್ತರೊಬ್ಬರು ಫೋನ್ ಮಾಡಿದರು. "ಹೊಸಾ ಗಾಡಿ ರೀ, ಚಾರ್ಜೇ ಆಗವಲ್ದು, ಕೆಂಪು ಲೈಟ್ ಬರಾಕತ್ತೈತಿ." ಹೋಗಿ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ವೋಲ್ಟ್ ಮೀಟರ್ ಹಿಡಿದೆ. ಎರಡು ಮೂರು ವೋಲ್ಟ್ ಒಳಗೆ ಇರಬೇಕಾದ್ದು 40 ತೋರಿಸಿತು. ಗಾಡಿಯಲ್ಲಿ ದೋಷ ಇರಲಿಲ್ಲ, ಅರ್ಥಿಂಗ್ ಕೆಟ್ಟಿದ್ದಕ್ಕೇ ಚಾರ್ಜರ್ ಕೆಂಪು ಲೈಟ್ ತೋರಿಸಿ ನಿಂತಿತ್ತು. ನಮ್ಮ ಎರಿ (ಕಪ್ಪು) ಮಣ್ಣು ಮಳೆಗಾಲದಲ್ಲಿ ಹಸಿ ಹಿಡಿದು ಉಬ್ಬುತ್ತದೆ, ಆಗ ಅರ್ಥಿಂಗ್ ಚಲೋ ಇರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಪೈಪು ಗುಂಡಿಯೊಳಗೇ ಇದ್ದರೂ ನೆಲದ ಜೊತೆ ಅದರ ಸಂಬಂಧ ತಪ್ಪಿರುತ್ತದೆ.

ನನಗಿಂತ ಮೊದಲು ಬಂದವನೊಬ್ಬ ಅವರಿಗೆ ಸುಲಭ ದಾರಿ ಹೇಳಿ ಹೋಗಿದ್ದ. ಸಾಕೆಟ್‌ನಲ್ಲೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಸಣ್ಣ ವೈರ್ ಕೊಟ್ಟುಬಿಡಿ, ಲೈಟ್ ಹಸಿರಾಗುತ್ತದೆ ಅಂತ. ಹೌದು, ಹಸಿರಾಗುತ್ತದೆ. ಆದರೆ ಮುಂದೊಂದು ದಿನ ನ್ಯೂಟ್ರಲ್ ಕಡಿದರೆ 230 ವೋಲ್ಟ್ ನೇರ ಕಾರಿನ ತಗಡಿಗೆ ಬರುತ್ತದೆ. ಮಳೆಯಲ್ಲಿ ಬರಿಗಾಲಲ್ಲಿ ನಿಂತು ಮಗು ಬಾಗಿಲು ಮುಟ್ಟಿದರೆ? ಯಾರು ಹೇಳಿದರೂ ಇದನ್ನು ಮಾಡಿಸಬೇಡಿ. ಆ ಕೆಂಪು ಲೈಟ್ ನಿಮ್ಮ ಜೀವ ಕಾಯುತ್ತಿದೆ.

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಕಾರು ರಸ್ತೆ ಮೇಲೇ ಮಲಗುತ್ತದೆ. ಮೇಲ್ಮಹಡಿಯಿಂದ ವೈರ್ ಇಳಿಬಿಟ್ಟು ಕೊಡಿ ಅಂತ ಕೇಳುವವರಿದ್ದಾರೆ. ನಾನು ಆ ಕೆಲಸ ಒಪ್ಪುವುದಿಲ್ಲ. ಹೊರಗಿನ ಫಾಸ್ಟ್ ಚಾರ್ಜರ್ ನಂಬಿಕೊಂಡರೆ ಯೂನಿಟ್‌ಗೆ ಮನೆ ದರದ ಎರಡು ಮೂರು ಪಟ್ಟು ಕೊಡಬೇಕಾಗುತ್ತದೆ, ಸರದಿಯಲ್ಲೂ ನಿಲ್ಲಬೇಕು. ಅಂಥವರಿಗೆ ಸದ್ಯ ಕಾರು ಬೇಡ ಅಂತಲೇ ಹೇಳುತ್ತೇನೆ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯುವ ಸ್ಕೂಟರ್‌ಗಳಿವೆ. ಧಾರವಾಡಕ್ಕೆ ಚಿಗರಿ ಬಸ್ ಹೇಗೂ ಇದೆ. ದಿನಕ್ಕೆ ಹತ್ತು ಕಿ.ಮೀ. ಕೂಡ ಓಡಿಸದವರೂ ಅವಸರ ಮಾಡಬೇಡಿ. ಹೆಚ್ಚಿಗೆ ಕೊಟ್ಟ ಬೆಲೆ ಅಷ್ಟು ಓಟದಲ್ಲಿ ಬೇಗ ಮರಳಿ ಬರುವುದಿಲ್ಲ.

ಮಾಸ್ತರ ಮನೆಯಲ್ಲಿ ಕಾಂಪೌಂಡಿನ ಮೂಲೆಗೆ ಹೊಸ ಗುಂಡಿ ತೋಡಿಸಿದೆವು. ಇದ್ದಿಲು, ಉಪ್ಪು ಹಾಕಿ ಪೈಪ್ ಇಳಿಸಿದೆವು. ಮೀಟರ್ 2 ವೋಲ್ಟ್‌ಗೆ ಬಂತು, ಗಾಡಿ ಅವತ್ತು ರಾತ್ರಿಯೇ ಚಾರ್ಜ್ ಆಯಿತು. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ವಾರಕ್ಕೆರಡು ಸಲ ಆ ಗುಂಡಿಗೆ ಒಂದು ಕೊಡ ನೀರು ಹಾಕಿ ಅಂದಿದ್ದೆ. ತುಳಸಿಗೆ ಹಾಕುವಾಗ ಅದಕ್ಕೂ ಹಾಕುತ್ತಿದ್ದಾರೆ.