ಶೃಂಗ ಎತ್ತ ಹೋಗುತ್ತದೆ? ಜಿಯೋಜಿಬ್ರಾದಲ್ಲಿ ಒಂದು ಪರವಲಯ

ವೈ = ಎಕ್ಸ್² + ಬಿ × ಎಕ್ಸ್ + ಸಿ ಎಂಬ ಸಮೀಕರಣದ ನಕ್ಷೆ ಪರವಲಯ, ಅಂದರೆ ಬಟ್ಟಲಿನಂಥ ವಕ್ರರೇಖೆ; ಅದು ತಿರುಗುವ ತುದಿಯೇ ಶೃಂಗ. ಸ್ಥಿರಪದ 'ಸಿ' ಬದಲಾದರೆ ಪರವಲಯ ಮೇಲೆ-ಕೆಳಗೆ ಸರಿಯುತ್ತದೆ. ಇದು ನಮಗೆಲ್ಲ ಬೇಗ ಹೊಳೆಯುತ್ತದೆ. ಎಕ್ಸ್‌ನ ಸಹಗುಣಕ 'ಬಿ' ಬದಲಾದರೆ? ಪಕ್ಕಕ್ಕೆ ಸರಿಯುತ್ತದೆ ಎಂದೇ ನಾನು ನಂಬಿದ್ದೆ. ನೀವೂ ಮೊದಲು ನಿಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಆಮೇಲೆ ಕಂಪ್ಯೂಟರ್ ಮುಟ್ಟಿ.

ಜಿಯೋಜಿಬ್ರಾ ಆಸ್ಟ್ರಿಯಾದ ಮಾರ್ಕಸ್ ಹೊಹೆನ್‌ವಾರ್ಟರ್ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ಶುರುಮಾಡಿದ ತಂತ್ರಾಂಶ. ಒಂದೇ ಪರದೆಯ ಮೇಲೆ ಒಂದು ಕಡೆ ಸಮೀಕರಣ, ಇನ್ನೊಂದು ಕಡೆ ಚಿತ್ರ. ಒಂದನ್ನು ಬದಲಿಸಿದರೆ ಇನ್ನೊಂದೂ ಆಗಲೇ ಬದಲಾಗುತ್ತದೆ.

ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ: ಎಫ್(ಎಕ್ಸ್) = ಎಕ್ಸ್² + ಬಿ × ಎಕ್ಸ್ + 1. ಗುಣಾಕಾರಕ್ಕೆ ನಕ್ಷತ್ರ ಚಿಹ್ನೆ ಹಾಕಿ, ಎರಡು ಅಕ್ಷರ ಅಂಟಿಸಿ ಬರೆಯಬೇಡಿ. 'ಬಿ'ಗೆ ಸ್ಲೈಡರ್ (ಎಳೆದು ಬೆಲೆ ಬದಲಿಸುವ ಪಟ್ಟಿ) ಇಟ್ಟುಕೊಳ್ಳಿ. ಮುಂದಿನ ಸಾಲಿನಲ್ಲಿ (−ಬಿ/2, ಎಫ್(−ಬಿ/2)) ಎಂಬ ಬಿಂದು ಕೊಡಿ, ಅದೇ ಶೃಂಗ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಬಿಂದು ಹೋದ ದಾರಿಯ ಗುರುತು ಉಳಿಸುವ ಟ್ರೇಸ್ ಆನ್ ಮಾಡಿ, ಸ್ಲೈಡರ್ ಎಳೆಯಿರಿ.

ಶೃಂಗ ಪಕ್ಕಕ್ಕಷ್ಟೇ ಹೋಗುವುದಿಲ್ಲ. ಬಿ = 0 ಇದ್ದಾಗ (0, 1)ರಲ್ಲಿದ್ದದ್ದು ಎರಡೂ ಬದಿಗೆ ಇಳಿಯುತ್ತ ಹೋಗಿ, ತಲೆಕೆಳಗಾದ ಇನ್ನೊಂದು ಪರವಲಯವನ್ನೇ ಬಿಡಿಸುತ್ತದೆ! ಬಿ = 2 ಆದಾಗ (−1, 0)ರಲ್ಲಿ ಎಕ್ಸ್ ಅಕ್ಷವನ್ನು ಮುಟ್ಟುತ್ತದೆ. ನಕ್ಷೆ ಆ ಅಕ್ಷವನ್ನು ಎಷ್ಟು ಕಡೆ ಮುಟ್ಟುತ್ತದೆ ಎಂದು ಹೇಳುವ ಶೋಧಕ ಬಿ² − 4 ಸೊನ್ನೆಯಾಗುವುದೂ ಅಲ್ಲೇ.

ಚಿತ್ರ ಕಂಡಿತೆಂದು ಅದು ನಿಜವೆಂದು ಸಾಧಿಸಿದಂತಾಗಲಿಲ್ಲ, ಇಲ್ಲಿ ಪೆನ್ನು ಬೇಕು. ಶೃಂಗದಲ್ಲಿ ಎಕ್ಸ್ = −ಬಿ/2, ವೈ = 1 − ಬಿ²/4. ಬಿ²/4 ಅಂದರೆ ಎಕ್ಸ್² ತಾನೇ? ಹಾಗಾಗಿ ವೈ = 1 − ಎಕ್ಸ್². ಎರಡೇ ಸಾಲು.

ನನಗೆ ಇದಕ್ಕಿಂತ ಇಷ್ಟವಾದದ್ದು ಅಲುಗಾಡದ ಬಿಂದು. ಸ್ಲೈಡರ್ ಎಷ್ಟೇ ಎಳೆದರೂ ನಕ್ಷೆ (0, 1)ನ್ನು ಬಿಡುವುದಿಲ್ಲ. ವೈ = ಬಿ × ಎಕ್ಸ್ + 1 ಎಂಬ ಸರಳರೇಖೆಯನ್ನೂ ಸೇರಿಸಿ ನೋಡಿ: ಅದು ಆ ಬಿಂದುವಿನಲ್ಲಿ ಪರವಲಯಕ್ಕೆ ಸ್ಪರ್ಶಕವಾಗಿ ಜೊತೆಯಲ್ಲೇ ವಾಲುತ್ತದೆ. ಯಾವ ಎಕ್ಸ್‌ನಲ್ಲಿ ನೋಡಿದರೂ ಪರವಲಯ ಆ ರೇಖೆಗಿಂತ ಸರಿಯಾಗಿ ಎಕ್ಸ್²ನಷ್ಟು ಮೇಲಿರುತ್ತದೆ. 'ಬಿ' ಮಾಡುವುದು ಆ ರೇಖೆಯನ್ನು ವಾಲಿಸುವ ಕೆಲಸ.

ಈಗ ಬಿ = 2 ಎಂದು ನಿಲ್ಲಿಸಿ, ಎಕ್ಸ್² ಮುಂದೆ 'ಎ' ಎಂಬ ಸಹಗುಣಕ ಸೇರಿಸಿ, ಅದಕ್ಕೂ ಸ್ಲೈಡರ್ ಇಟ್ಟು, ಶೃಂಗದ ಬಿಂದುವಿನಲ್ಲಿ −ಬಿ/2 ಇದ್ದಲ್ಲೆಲ್ಲ −ಬಿ/(2 × ಎ) ಎಂದು ತಿದ್ದಿ. 'ಎ' ಎಳೆದರೆ ಶೃಂಗ ವೈ = ಎಕ್ಸ್ + 1 ಎಂಬ ನೇರ ದಾರಿ ಹಿಡಿಯುತ್ತದೆ. ಎ ಸೊನ್ನೆಗೆ ಹತ್ತಿರವಾದಂತೆ ಪರದೆಯಾಚೆ ಓಡುತ್ತದೆ. ಎ = 0 ಆದಾಗ ಶೃಂಗವೇ ಇಲ್ಲ, ಉಳಿಯುವುದು ವೈ = 2 × ಎಕ್ಸ್ + 1 ರೇಖೆ. ಆ ನೇರ ದಾರಿಯಲ್ಲಿ ಶೃಂಗ ಎಂದೂ ತಲುಪದ ಬಿಂದು ಒಂದೇ ಒಂದಿದೆ: ಅದೇ (0, 1). ಯಾಕೆ ತಲುಪದು ಎಂಬುದನ್ನು ಸ್ಲೈಡರ್ ಇಲ್ಲದೆ, ಕಾಗದದ ಮೇಲೆ ಮಾಡಿ ನೋಡಿ.