1.58 ಎಂಬ ಅಂಕಿ: ಜನಾಂಗ–ಐಕ್ಯೂ ವಾದದಲ್ಲಿ ಯಾರನ್ನು ಎಲ್ಲಿ ಹಿಡಿದು ಕೇಳಬೇಕು

ಮನಃಶಾಸ್ತ್ರ ಎಂ.ಎ. ಓದುವವರಿಗೆ ಬುದ್ಧಿಶಕ್ತಿಯ ಪಾಠದಲ್ಲಿ, ಜನಾಂಗಗಳ ನಡುವಿನ ಐಕ್ಯೂ (ಬುದ್ಧಿ ಪರೀಕ್ಷೆಯ ಅಂಕ) ಅಂತರಕ್ಕೆ ಜೀನ್ ಕಾರಣವೇ ಎಂಬ ವಿಷಯ ಬಂದೇ ಬರುತ್ತದೆ. ಗೈಡುಗಳಲ್ಲಿ ಇರೋದು ಎರಡೇ ಸಾಲು: ಅಮೆರಿಕದ ಮನಃಶಾಸ್ತ್ರಜ್ಞ ಜೆನ್ಸನ್ ಹೀಗೆ ಬರೆದರು, ದೊಡ್ಡ ವಿವಾದವಾಯಿತು. ವಾದ ಯಾವ ಜಾಗದಲ್ಲಿ ಎಡವಿತು, ಅದಕ್ಕೆ ಯಾರು ಉತ್ತರ ಕೊಡಬೇಕಿತ್ತು, ಕೊಟ್ಟರಾ, ಇದ್ಯಾವುದೂ ಇಲ್ಲ. ಅದಕ್ಕೇ ಈ ಟಿಪ್ಪಣಿ. ಸರಾಸರಿ 100, ಎಸ್‌ಡಿ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) 15, ಗಂಟೆಯಾಕಾರದ ನಾರ್ಮಲ್ ಕರ್ವ್, ಇವೆಲ್ಲ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತೇನೆ.

ಹಿನ್ನೆಲೆ, ಚುಟುಕಾಗಿ

1969ರಲ್ಲಿ ಆರ್ಥರ್ ಜೆನ್ಸನ್ ಹಾರ್ವರ್ಡ್ ಎಜುಕೇಷನಲ್ ರಿವ್ಯೂನಲ್ಲಿ ನೂರಕ್ಕೂ ಹೆಚ್ಚು ಪುಟದ ಲೇಖನ ಬರೆದರು. ಅಮೆರಿಕದಲ್ಲಿ ಬಡ ಮಕ್ಕಳಿಗಾಗಿ ನಡೆಸುತ್ತಿದ್ದ ಪೂರಕ ಶಿಕ್ಷಣ ಸೋತಿದೆ ಎಂಬಲ್ಲಿಂದ ಶುರು ಮಾಡಿ, ಕರಿಯರ ಮತ್ತು ಬಿಳಿಯರ ಐಕ್ಯೂ ಅಂತರಕ್ಕೆ ಜೀನ್ ಕೂಡ ಕಾರಣ ಇರಬಹುದು ಎಂಬಲ್ಲಿಗೆ ಬಂದರು. 1994ರಲ್ಲಿ ರಿಚರ್ಡ್ ಹರ್ನ್‌ಸ್ಟೈನ್ ಮತ್ತು ಚಾರ್ಲ್ಸ್ ಮರ್ರೆ ಸೇರಿ ಬರೆದ 'ದಿ ಬೆಲ್ ಕರ್ವ್' ಬಂತು. ಅದರಲ್ಲೂ ಜೀನಿನ ಪಾಲು ಇರಬೇಕು ಎಂಬ ವಾದವೇ. ಪುಸ್ತಕ ಹೊರಬರುವ ಹೊತ್ತಿಗೆ ಹರ್ನ್‌ಸ್ಟೈನ್ ತೀರಿಕೊಂಡಿದ್ದರು. ಹಾಗಾಗಿ ಉತ್ತರ ಹೇಳುವ ಕೆಲಸ ಮರ್ರೆ ಒಬ್ಬರ ಮೇಲೆ ಬಿತ್ತು. ಅವರು ಮನಃಶಾಸ್ತ್ರಜ್ಞರಲ್ಲ, ರಾಜ್ಯಶಾಸ್ತ್ರ ಓದಿದವರು.

ಆ ಕಾಲದ ಪರೀಕ್ಷೆಗಳಲ್ಲಿ ಎರಡು ಗುಂಪುಗಳ ಸರಾಸರಿಯ ನಡುವೆ ಸುಮಾರು 15 ಅಂಕದ ಅಂತರ ಕಂಡದ್ದು ನಿಜ. ಟೀಕಾಕಾರರೂ ಇದನ್ನು ಒಪ್ಪುತ್ತಾರೆ. ಆಮೇಲೆ ಅದು ಒಂದಷ್ಟು ಕಿರಿದಾಗಿದೆ ಎಂದು 2006ರಲ್ಲಿ ಸಂಶೋಧಕರಾದ ಡಿಕೆನ್ಸ್ ಮತ್ತು ಫ್ಲಿನ್ ತೋರಿಸಿದರು. ಜಗಳ ಇರುವುದು ಅಂತರದ ಬಗ್ಗೆ ಅಲ್ಲ, ಕಾರಣದ ಬಗ್ಗೆ.

ಹೆರಿಟಬಿಲಿಟಿ

ಒಂದು ಗುಂಪಿನೊಳಗೆ ಜನರ ನಡುವೆ ಇರುವ ಒಟ್ಟು ವ್ಯತ್ಯಾಸದಲ್ಲಿ ಜೀನ್ ವ್ಯತ್ಯಾಸದ ಪಾಲೆಷ್ಟು ಎಂಬುದೇ ಹೆರಿಟಬಿಲಿಟಿ. 0.60 ಎಂದರೆ ಆ ಗುಂಪಿನಲ್ಲಿ, ಆ ಪರಿಸರದಲ್ಲಿ, ವೇರಿಯನ್ಸಿನ (ಒಟ್ಟು ವ್ಯತ್ಯಾಸದ ಅಳತೆ, ಎಸ್‌ಡಿಯ ವರ್ಗ) ಶೇ 60 ಜೀನಿನದ್ದು. ಒಬ್ಬನ ಬುದ್ಧಿಯ ಶೇ 60 ಅಪ್ಪ ಅಮ್ಮನಿಂದ ಬಂತು ಎಂದಲ್ಲ. ಮನುಷ್ಯನ ಕೈಗೆ ಐದು ಬೆರಳು ಬರುವುದು ಪೂರ್ತಿ ಜೀನಿನಿಂದಲೇ. ಆದರೂ ಬೆರಳಿನ ಸಂಖ್ಯೆಯ ಹೆರಿಟಬಿಲಿಟಿ ತೀರಾ ಕಡಿಮೆ. ಯಾಕೆಂದರೆ ಬೆರಳು ಕಡಿಮೆ ಇರುವವರಲ್ಲಿ ಹೆಚ್ಚಿನವರು ಅಪಘಾತದಲ್ಲಿ ಕಳೆದುಕೊಂಡವರು.

ಗುಂಪಿನೊಳಗಿನ ಅಂಕಿಯಿಂದ ಗುಂಪುಗಳ ನಡುವಿನ ಅಂತರಕ್ಕೆ ನೇರವಾಗಿ ಹಾರುವಂತಿಲ್ಲ. 1970ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಕೊಟ್ಟ ಬೀಜದ ಉದಾಹರಣೆ ಎಲ್ಲರಿಗೂ ಗೊತ್ತು. ಒಂದೇ ಚೀಲದ ಜೋಳದ ಬೀಜವನ್ನು ಎರಡು ಪಾತಿಗೆ ಹಾಕಿ. ಒಂದಕ್ಕೆ ಪೋಷಕಾಂಶವೆಲ್ಲ ಸರಿಯಾಗಿ ಕೊಡಿ, ಇನ್ನೊಂದಕ್ಕೆ ನೈಟ್ರೇಟ್ ಅರ್ಧ ಮಾಡಿ, ಚಿಟಿಕೆ ಸತುವನ್ನೂ ತಪ್ಪಿಸಿ. ಒಂದೊಂದು ಪಾತಿಯೊಳಗೆ ಎಲ್ಲ ಗಿಡಕ್ಕೂ ಸಿಗುವುದು ಒಂದೇ. ಹಾಗಾಗಿ ಅಲ್ಲಿನ ಎತ್ತರದ ವ್ಯತ್ಯಾಸವೆಲ್ಲ ಬೀಜದ್ದು. ಎರಡು ಪಾತಿಗಳ ಸರಾಸರಿಯ ನಡುವಿನ ವ್ಯತ್ಯಾಸವೆಲ್ಲ ಗೊಬ್ಬರದ್ದು.

ಇಷ್ಟು ಹೇಳಿ ಮರ್ರೆ ವಾದ ಮುಗಿಯಿತು ಅಂತ ಎದ್ದು ಹೋಗುವವರೇ ಜಾಸ್ತಿ. ಅದು ಸಾಲದು. ಈ ಬೀಜದ ಮಾತು 'ದಿ ಬೆಲ್ ಕರ್ವ್' ಪುಸ್ತಕದ 13ನೇ ಅಧ್ಯಾಯದಲ್ಲೇ ಇದೆ. ಅವರು ಅದನ್ನು ಒಪ್ಪಿಕೊಂಡೇ ಇನ್ನೊಂದು ಹೆಜ್ಜೆ ಇಡುತ್ತಾರೆ. ಹಿಡಿದು ಕೇಳಬೇಕಾದ್ದು ಆ ಹೆಜ್ಜೆಯನ್ನು.

1.58 ಬಂದದ್ದು ಹೇಗೆ

ಇದನ್ನು ನಿಧಾನಕ್ಕೆ, ಪೆನ್ನು ಹಿಡಿದು ಮಾಡಿ. ಸುಮ್ನೆ ಓದಿದರೆ ತಲೆಗೆ ಹತ್ತುವುದಿಲ್ಲ. ನನಗಂತೂ ಹತ್ತಲಿಲ್ಲ.

ಹೆರಿಟಬಿಲಿಟಿ 0.60 ಎಂದು ಹಿಡಿಯಿರಿ. ಉಳಿದ 0.40 ಪರಿಸರದ್ದು. ಇವೆರಡೂ ವೇರಿಯನ್ಸ್. ನಮಗೆ ಬೇಕಾದ್ದು ಎಸ್‌ಡಿ, ಅಂದರೆ ವರ್ಗಮೂಲ. 0.40ರ ವರ್ಗಮೂಲ 0.63. ಪರಿಸರ ಒಂದು ಎಸ್‌ಡಿ ಕೆಳಗಿಳಿದರೆ ಐಕ್ಯೂ 0.63 ಎಸ್‌ಡಿ ಇಳಿಯುತ್ತದೆ ಎಂದಾಯಿತು. ಅಂಕದಲ್ಲಿ ಹೇಳಿದರೆ 15 × 0.63, ಸುಮಾರು 9.5.

ಈಗ 15 ಅಂಕದ ಅಂತರವನ್ನು ಪೂರ್ತಿ ಪರಿಸರದ ಲೆಕ್ಕಕ್ಕೇ ಹಾಕಬೇಕಾದರೆ? 15 ÷ 9.5 = 1.58. ಕರಿಯರ ಸರಾಸರಿ ಪರಿಸರ ಬಿಳಿಯರದ್ದಕ್ಕಿಂತ 1.58 ಎಸ್‌ಡಿ ಕೆಳಗಿರಬೇಕು. ನಾರ್ಮಲ್ ಟೇಬಲ್ ತೆರೆದು ನೋಡಿ, ಅದು ಹೆಚ್ಚುಕಡಿಮೆ 6ನೇ ಪರ್ಸೆಂಟೈಲ್. ಸರಾಸರಿ ಕರಿಯ ಮಗು ಶೇ 94 ಬಿಳಿ ಮಕ್ಕಳಿಗಿಂತ ಕೆಟ್ಟ ಪರಿಸರದಲ್ಲಿ ಬೆಳೆಯಿತು ಎಂದು ಒಪ್ಪಬೇಕಾಗುತ್ತದೆ. ಇದು ನಂಬುವಂಥದ್ದಲ್ಲ, ಹಾಗಾಗಿ ಜೀನಿನ ಪಾಲೂ ಇರಬೇಕು. ಅವರ ವಾದ ಓಡುವುದು ಹೀಗೆ.

ಕೇಳಿದರೆ ಗಟ್ಟಿಯಾಗೇ ಇದೆ, ಅಲ್ವಾ? ಗುಣಾಕಾರ, ಭಾಗಾಕಾರದಲ್ಲಿ ತಪ್ಪೇನೂ ಇಲ್ಲ. ಸಮಸ್ಯೆ ಇರುವುದು ಆ 0.40ರಲ್ಲಿ. ಅದು ಬಿಳಿಯರೊಳಗೆ ಒಬ್ಬರಿಂದ ಒಬ್ಬರಿಗೆ ಬದಲಾಗುವ ಪರಿಸರವನ್ನು ಮಾತ್ರ ಅಳೆದಿದೆ. ಬಿಳಿಯರಲ್ಲಿ ಯಾರಿಗೂ ಇಲ್ಲದ ಒಂದು ಅಡ್ಡಿ, ಉದಾಹರಣೆಗೆ ಚರ್ಮದ ಬಣ್ಣ ನೋಡಿ ಬೇರೆ ಶಾಲೆಗೆ, ಬೇರೆ ಕೇರಿಗೆ ತಳ್ಳುವುದು, ಆ 0.40ರೊಳಗೆ ಬರುವುದೇ ಇಲ್ಲ. ಅವರೊಳಗೆ ಅದರ ವೇರಿಯನ್ಸ್ ಸೊನ್ನೆ. ಪಾತಿಯ ಸತುವಿನ ಹಾಗೆ. ಸತು ಎಲ್ಲ ಗಿಡಕ್ಕೂ ಸಮನಾಗಿ ಸಿಗುವ ಪಾತಿಯಲ್ಲಿ ನಿಂತು ಸತುವಿನ ಪರಿಣಾಮ ಅಳೆಯಲಾಗುವುದಿಲ್ಲ.

ನನಗೆ ತುಂಬಾ ಹಿಡಿಸಿದ ಅಡ್ಡದಾರಿ ಇಲ್ಲಿದೆ. ಯಾರಾದರೂ 1.58 ತಂದು ಮುಂದಿಟ್ಟರೆ ಅದೇ ಸೂತ್ರವನ್ನು ಡಚ್ ಸೈನಿಕರ ಮೇಲೆ ಹಾಕಿ. ಜೇಮ್ಸ್ ಫ್ಲಿನ್ 1987ರಲ್ಲಿ 14 ದೇಶಗಳ ಅಂಕಿಅಂಶ ಪ್ರಕಟಿಸಿದರು. ನೆದರ್ಲೆಂಡ್ಸ್‌ನಲ್ಲಿ ಸೈನ್ಯಕ್ಕೆ ಸೇರುವ ಹುಡುಗರ ಅಂಕ 1952ರಿಂದ 1982ರೊಳಗೆ ಸುಮಾರು 20 ಏರಿತ್ತು. 20 ÷ 9.5 = 2.1. ಟೇಬಲ್‌ನಲ್ಲಿ 2ನೇ ಪರ್ಸೆಂಟೈಲ್. ಅಂದರೆ 1952ರ ಸರಾಸರಿ ಡಚ್ ಹುಡುಗ 1982ರ ಶೇ 98 ಹುಡುಗರಿಗಿಂತ ಕೆಟ್ಟ ಪರಿಸರದಲ್ಲಿ ಬೆಳೆದಿದ್ದ! ಮರ್ರೆಯವರ ದಾರಿಯಲ್ಲೇ ಹೋದರೆ ಇದೂ ನಂಬುವಂಥದ್ದಲ್ಲ, ಹಾಗಾಗಿ 30 ವರ್ಷದಲ್ಲಿ ಡಚ್ಚರ ಜೀನ್ ಬದಲಾಯಿತು ಎನ್ನಬೇಕಾಗುತ್ತದೆ. ಒಂದು ತಲೆಮಾರಿನಲ್ಲಿ ಜೀನ್ ಹಾಗೆ ಬದಲಾಗುವುದಿಲ್ಲ.

ಈ ಏರಿಕೆ ನಿಜವಾದ ಸಾಮಾನ್ಯ ಬುದ್ಧಿಯಲ್ಲಿ ಆದದ್ದಲ್ಲ ಎಂದು ಜೆನ್ಸನ್ ಕಡೆಯವರು ಹೇಳುತ್ತಾರೆ. ಇರಲಿ. ಆದರೆ 1.58ರ ಲೆಕ್ಕ ಹಾಕಿದ್ದು ಪರೀಕ್ಷೆಯ ಅಂಕದ ಮೇಲೆಯೇ. ಡಚ್ ಲೆಕ್ಕವೂ ಅಷ್ಟೇ. ಒಂದು ಕಡೆ ಅಂಕ ಸಾಕು, ಇನ್ನೊಂದು ಕಡೆ ಸಾಲದು ಎಂದರೆ ಹೇಗೆ? ಅಂತರವೆಲ್ಲ ಪರಿಸರದ್ದೇ ಎಂದು ಇದರಿಂದ ಸಾಬೀತಾಗುವುದಿಲ್ಲ ಎಂಬುದನ್ನೂ ಬರೆದುಕೊಳ್ಳಿ. ಜೀನ್ ಇರಲೇಬೇಕು ಎನ್ನಲು ಅವರು ಕೊಟ್ಟ ಕಾರಣ ನಿಲ್ಲುವುದಿಲ್ಲ, ಅಷ್ಟೇ.

(ಫ್ಲಿನ್ ಏರಿಕೆ ನಮಗೆ ದೂರದ ಮಾತೇನಲ್ಲ. ಪ್ರಾಕ್ಟಿಕಲ್‌ನಲ್ಲಿ ಮಾಡಿಸುವ ಬಿನೆ–ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ 1930ರ ದಶಕದಲ್ಲಿ ಮುಂಬೈ ಕರ್ನಾಟಕದ ಮಕ್ಕಳ ಮೇಲೆ, ಕನ್ನಡ ಮತ್ತು ಮರಾಠಿಯಲ್ಲಿ ರೂಪಿಸಿದ್ದು. ಅಷ್ಟು ಹಳೆಯ ನಾರ್ಮ್ಸ್ (ಹೋಲಿಕೆಗೆ ಇಟ್ಟುಕೊಳ್ಳುವ ಅಂಕಗಳು) ಇಟ್ಟುಕೊಂಡು ಇವತ್ತಿನ ಮಗುವಿಗೆ ಅಂಕ ಕೊಟ್ಟರೆ ಏನಾಗುತ್ತದೆ ಎಂದು ವೈವಾದಲ್ಲಿ ಕೇಳಬಹುದು.)

ಜೊತೆಗೆ ಎರಡು ಅಧ್ಯಯನ ನೆನಪಿರಲಿ. ಐಫರ್ತ್, 1961, ಜರ್ಮನಿ: ಅಮೆರಿಕದ ಕರಿಯ ಸೈನಿಕರಿಗೂ ಬಿಳಿ ಸೈನಿಕರಿಗೂ ಜರ್ಮನ್ ತಾಯಂದಿರಲ್ಲಿ ಹುಟ್ಟಿದ ಮಕ್ಕಳ ಸರಾಸರಿ ಐಕ್ಯೂ ಹೆಚ್ಚುಕಡಿಮೆ ಒಂದೇ. ಟರ್ಕ್‌ಹೈಮರ್, 2003: 7 ವರ್ಷದ ಅವಳಿ ಮಕ್ಕಳಲ್ಲಿ ಬಡ ಕುಟುಂಬಗಳಲ್ಲಿ ಹೆರಿಟಬಿಲಿಟಿ ಸೊನ್ನೆಯ ಹತ್ತಿರ, ಉಳ್ಳವರಲ್ಲಿ ಬಹಳ ಹೆಚ್ಚು.

ಹಾಗಾದರೆ ಯಾರನ್ನು, ಹೇಗೆ ಕೇಳಿದರು?

2017ರ ಮಾರ್ಚ್‌ನಲ್ಲಿ ಮರ್ರೆ ಅಮೆರಿಕದ ಮಿಡಲ್‌ಬರಿ ಕಾಲೇಜಿಗೆ ಹೋದರು. ಅಂದಿನ ವಿಷಯ ಐಕ್ಯೂ ಅಲ್ಲವೇ ಅಲ್ಲ, ಬಿಳಿಯ ದುಡಿಯುವ ವರ್ಗದ ಬಗ್ಗೆ ಅವರು ಬರೆದ ಇನ್ನೊಂದು ಪುಸ್ತಕ. ವಿದ್ಯಾರ್ಥಿಗಳು ಕೂಗಿ ಮಾತನಾಡಲು ಬಿಡಲಿಲ್ಲ. ಮರ್ರೆಯವರಿಗೆ ಪ್ರಶ್ನೆ ಹಾಕಲು ತಯಾರಾಗಿ ಬಂದಿದ್ದ ಪ್ರಾಧ್ಯಾಪಕಿ ಆಲಿಸನ್ ಸ್ಟ್ಯಾಂಗರ್ ಹೊರಗೆ ಗಲಾಟೆಯಲ್ಲಿ ಗಾಯಗೊಂಡರು. ಪ್ರಶ್ನೆ ಕೇಳಬೇಕಾದವರಿಗೇ ಪೆಟ್ಟು. 13ನೇ ಅಧ್ಯಾಯಕ್ಕೆ ಒಂದು ಗೀರೂ ಬೀಳಲಿಲ್ಲ.

ಮುಂದಿನ ತಿಂಗಳು ಅಮೆರಿಕದ ಲೇಖಕ ಸ್ಯಾಮ್ ಹ್ಯಾರಿಸ್ ತಮ್ಮ ಪಾಡ್‌ಕಾಸ್ಟ್‌ಗೆ ಮರ್ರೆಯವರನ್ನು ಕರೆದರು. ಇವರಿಗೆ ಅನ್ಯಾಯವಾಗಿದೆ ಎಂಬುದೇ ಮಾತಿನ ಧಾಟಿ. ಅನ್ಯಾಯ ಆಗಿರಬಹುದು. ಆದರೆ ಬೈಸಿಕೊಂಡವರ ವಾದ ಬೈಸಿಕೊಂಡ ಕಾರಣಕ್ಕೇ ಸರಿಯಾಗುವುದಿಲ್ಲವಲ್ಲ. ಮೇ ತಿಂಗಳಲ್ಲಿ ಟರ್ಕ್‌ಹೈಮರ್, ಕ್ಯಾಥರಿನ್ ಪೇಜ್ ಹಾರ್ಡನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮನಃಶಾಸ್ತ್ರಜ್ಞರು ವಾಕ್ಸ್ ಎಂಬ ಸುದ್ದಿ ಜಾಲತಾಣದಲ್ಲಿ ಉತ್ತರ ಬರೆದರು. ನನಗೆ ಇಷ್ಟವಾದದ್ದು ಅವರು ಒಪ್ಪಿಕೊಂಡೇ ಶುರು ಮಾಡಿದ ರೀತಿ. ಐಕ್ಯೂ ಅಳೆಯುವಂಥದ್ದು ಹೌದು, ಗುಂಪಿನೊಳಗೆ ಜೀನಿನ ಪಾಲು ಹೌದು, ಗುಂಪುಗಳ ನಡುವಿನ ಹೆಜ್ಜೆಗೆ ಮಾತ್ರ ಆಧಾರವಿಲ್ಲ. ಹೊಣೆ ಹೊರಿಸುವುದು ಅಂದರೆ ನನ್ನ ಪ್ರಕಾರ ಇದು. 2018ರಲ್ಲಿ ಹ್ಯಾರಿಸ್ ಮತ್ತು ವಾಕ್ಸ್‌ನ ಪತ್ರಕರ್ತ ಎಜ್ರಾ ಕ್ಲೈನ್ ನಡುವೆ ನಡೆದ ಚರ್ಚೆ ಹೆಚ್ಚಾಗಿ ಯಾರು ಯಾರ ಮೇಲೆ ಕೆಟ್ಟ ಉದ್ದೇಶ ಹೊರಿಸಿದರು ಎಂಬುದರಲ್ಲೇ ಕಳೆದುಹೋಯಿತು.

ಜೀನಿನ ಪರ ಮಾತನಾಡಿದ ಉಳಿದವರ ತಪ್ಪು ಬೇರೆ ಬಗೆಯದು. ಬ್ರಿಟಿಷ್ ಮನಃಶಾಸ್ತ್ರಜ್ಞ ಸಿರಿಲ್ ಬರ್ಟ್: ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿ ಜೋಡಿಗಳ ಸಂಖ್ಯೆ 21ರಿಂದ 53ಕ್ಕೆ ಏರಿದರೂ ಅವರ ಐಕ್ಯೂಗಳ ಕೋರಿಲೇಷನ್ (ಹೊಂದಾಣಿಕೆಯ ಅಳತೆ) 0.771 ಕದಲಲಿಲ್ಲ. ಮನಃಶಾಸ್ತ್ರಜ್ಞ ಲಿಯಾನ್ ಕಾಮಿನ್ ಇದನ್ನು ಎತ್ತಿ ತೋರಿಸುವ ಹೊತ್ತಿಗೆ ಬರ್ಟ್ ತೀರಿಕೊಂಡಿದ್ದರು. ಮೋಸವೋ ಬೇಜವಾಬ್ದಾರಿಯೋ ಎಂಬ ಜಗಳ ಆಮೇಲೂ ನಡೆಯಿತು, ಆ ಅಂಕಿಯನ್ನಂತೂ ಯಾರೂ ನೆಚ್ಚುವಂತಿಲ್ಲ. ಜೇಮ್ಸ್ ವಾಟ್ಸನ್: ಡಿಎನ್‌ಎ ರಚನೆಗೆ ನೊಬೆಲ್ ಪಡೆದವರು, ಆದರೆ ಈ ವಿಷಯದಲ್ಲಿ ಅವರದೇ ಸಂಶೋಧನೆ ಏನೂ ಇಲ್ಲ. 2007ರಲ್ಲಿ ಆಫ್ರಿಕನ್ನರ ಬುದ್ಧಿಯ ಬಗ್ಗೆ ಆಡಿದ ಮಾತಿಗೆ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಚಾನ್ಸಲರ್ ಹುದ್ದೆ ಬಿಡಬೇಕಾಯಿತು. 2019ರ ಸಾಕ್ಷ್ಯಚಿತ್ರದಲ್ಲಿ ಅಭಿಪ್ರಾಯ ಬದಲಾಗಿಲ್ಲ ಎಂದ ಮೇಲೆ ಆ ಪ್ರಯೋಗಾಲಯ ಕೊಟ್ಟಿದ್ದ ಗೌರವ ಹುದ್ದೆಗಳೂ ಹೋದವು. ಇಲ್ಲಿ ಪರಿಶೀಲಿಸಲು ಲೆಕ್ಕವೇ ಇಲ್ಲ, ಬರೀ ಹೆಸರಿನ ಬಲ.

ಬ್ರಿಟಿಷ್ ಮನಃಶಾಸ್ತ್ರಜ್ಞ ರಿಚರ್ಡ್ ಲಿನ್ ಅವರದ್ದು ಮಾತ್ರ ಜಾಸ್ತಿ ಎಚ್ಚರದಿಂದ ನೋಡಬೇಕಾದ್ದು, ಯಾಕೆಂದರೆ ಅವರ 'ದೇಶವಾರು ಐಕ್ಯೂ' ನಕ್ಷೆ ಈಗಲೂ ಓಡಾಡುತ್ತದೆ. 2002ರ ಪುಸ್ತಕದಲ್ಲಿ 185 ದೇಶಗಳಿಗೆ ಅಂಕಿ ಇತ್ತು. ಅದರಲ್ಲಿ 104 ದೇಶಗಳಿಗೆ ಪರೀಕ್ಷೆಯ ದತ್ತಾಂಶವೇ ಇರಲಿಲ್ಲ, ಅಕ್ಕಪಕ್ಕದ ದೇಶ ನೋಡಿ ಅಂದಾಜು ಹಾಕಿದ್ದು. ಈಕ್ವಟೋರಿಯಲ್ ಗಿನಿಗೆ ಕೊಟ್ಟ 59 ಬಂದದ್ದು ಸ್ಪೇನ್‌ನಲ್ಲಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಸಂಸ್ಥೆಯೊಂದರಿಂದ. 2018ರಲ್ಲಿ ಅಲ್ಸ್ಟರ್ ವಿಶ್ವವಿದ್ಯಾಲಯ ಅವರ ಎಮೆರಿಟಸ್ ಪದವಿ ಹಿಂತೆಗೆದುಕೊಂಡಿತು. ಆ ಅಂಕಿಗಳನ್ನು ನೆಚ್ಚಿ ಬರೆದ ಒಂದು ಪ್ರಬಂಧವನ್ನು ಸೈಕಲಾಜಿಕಲ್ ಸೈನ್ಸ್ ಪತ್ರಿಕೆಯಿಂದ 2020ರಲ್ಲಿ ಲೇಖಕರೇ ವಾಪಸ್ ಪಡೆದರು. ಆ ನಕ್ಷೆ ವಾಟ್ಸಾಪ್‌ನಲ್ಲಿ ಬಂದರೆ ಬಣ್ಣ ನೋಡುವ ಮೊದಲು ಒಂದು ದೇಶ ಆರಿಸಿ, ಎಷ್ಟು ಜನ, ಎಲ್ಲಿ, ಯಾವ ವಯಸ್ಸು, ಯಾವ ವರ್ಷದ ಪರೀಕ್ಷೆ ಎಂದು ಹುಡುಕಿ.