ಕೂತ ಕೊಂಬೆಯನ್ನು ಕಡಿಯುವುದು ಹೇಗೆ?

ಜುಲೈ ತಿಂಗಳ ಮಡಿಕೇರಿಯಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಯುಪಿಎಸ್ ಕುಯ್ಯೋ ಅಂದ ತಕ್ಷಣ ನನ್ನ ಗೆಳೆಯರೊಬ್ಬರು ಕಂಪ್ಯೂಟರಿನ ಬಟನ್ ಒತ್ತಿ ಹಿಡಿದು ಆರಿಸಿಬಿಡುತ್ತಾರೆ. ಆಫ್ ಆಗಲು ಅರ್ಧ ನಿಮಿಷ ಬೇಕು ಅಂದರೆ ವೈರಸ್ಸೇ ಇರಬೇಕು ಎನ್ನುವುದು ಅವರ ನಂಬಿಕೆ. ಯುಪಿಎಸ್ ಮೇಲೆ ನಿಂಬೆಹಣ್ಣೂ ಇಟ್ಟಿದ್ದಾರೆ. ನಿಂಬೆಹಣ್ಣಿನಿಂದ ತೊಂದರೆಯಿಲ್ಲ ಬಿಡಿ. ಆ ಅರ್ಧ ನಿಮಿಷದಲ್ಲಿ ಕಂಪ್ಯೂಟರ್ ಏನು ಮಾಡುತ್ತದೆ ನೋಡೋಣ.

ಸೇವ್ ಒತ್ತಿದ ಕೂಡಲೇ ಫೈಲು ಡಿಸ್ಕಿಗೆ ಹೋಗಿ ಕೂರುವುದಿಲ್ಲ. ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇರುತ್ತದೆ, ಕಣದಲ್ಲಿ ಹರವಿದ ಕಾಫಿಯ ಹಾಗೆ. ಕೊಯ್ಲು ಮುಗಿದಿದೆ, ಮೂಟೆ ಗೋಡೌನಿಗೆ ಹೋಗಿಲ್ಲ. ವಿಂಡೋಸಿನ ಹಾಗೇ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡ್ ಹಳೆಯದಾದ ಮಾಹಿತಿಯನ್ನು ಡಿಸ್ಕಿಗೆ ಇಳಿಸುತ್ತದೆ. ಅಷ್ಟರೊಳಗೆ ಕರೆಂಟು ಹೋದರೆ ಜನವರಿಯ ಅಕಾಲ ಮಳೆ ಬಂದ ಹಾಗೇ.

ಲಿನಕ್ಸಿಗೂ ಮುಂಚಿನ ಯುನಿಕ್ಸ್ ಕಾಲದ ಹಳಬರು ಮಷೀನ್ ನಿಲ್ಲಿಸುವ ಮುಂಚೆ 'ಸಿಂಕ್' ಅಂತ ಮೂರು ಸಲ ಟೈಪ್ ಮಾಡುತ್ತಿದ್ದರು. ಆಗಿನ ಸಿಂಕ್, ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆಯುವ ಕೆಲಸ ಶುರು ಮಾಡಿ, ಅದು ಮುಗಿಯುವ ಮೊದಲೇ ವಾಪಸ್ ಬರುತ್ತಿತ್ತು. ಇನ್ನೆರಡು ಸಲ ಟೈಪ್ ಮಾಡುವಷ್ಟರಲ್ಲಿ ಡಿಸ್ಕಿಗೆ ಬಿಡುವು ಸಿಗುತ್ತಿತ್ತು, ಅಷ್ಟೇ. ಆಮೇಲೆ ಬಂದವರು ಮೂರನ್ನೂ ಒಂದೇ ಸಾಲಿನಲ್ಲಿ ಬರೆದರು. ಬಿಡುವು ಹೋಯಿತು, ಮಂತ್ರ ಉಳಿಯಿತು!

ಈಗ ಶಟ್‌ಡೌನ್ ಒತ್ತಿದರೆ ಮೊದಲು ಪ್ರೋಗ್ರಾಂಗಳಿಗೆಲ್ಲ 'ಕೆಲಸ ಮುಗಿಸಿ' ಎಂಬ ಸೂಚನೆ ಹೋಗುತ್ತದೆ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಎಲ್ಲವನ್ನೂ ಶುರು ಮಾಡುವ, ನಿಲ್ಲಿಸುವ ಮೇಸ್ತ್ರಿ ಸಿಸ್ಟಮ್‌ಡಿ, ಮಾತು ಕೇಳದವರಿಗೆ ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಆಮೇಲೆ ಕತ್ತು ಹಿಡಿದು ದಬ್ಬುತ್ತದೆ. ಯಾಕೆಂದರೆ ಒಂದು ಫೈಲು ತೆರೆದಿದ್ದರೂ ಆ ಡಿಸ್ಕನ್ನು ಬಿಡಿಸಲಾಗುವುದಿಲ್ಲ. ಆಮೇಲೆ ಮೇಲಿನಿಂದ ಕೆಳಗೆ ಒಂದೊಂದೇ ಪದರ. ಮೊದಲು ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್, ಅದರಡಿ ಪಾಸ್‌ವರ್ಡ್ ಬೀಗವಿದ್ದರೆ ಅದು, ಕೊನೆಗೆ ಡಿಸ್ಕ್.

ನನಗೆ ಜಾಸ್ತಿ ಇಷ್ಟವಾದ ಫಜೀತಿ ಇಲ್ಲೇ ಇರುವುದು. ಎಲ್ಲವನ್ನೂ ಬಿಡಿಸುತ್ತಿರುವ ಪ್ರೋಗ್ರಾಂ ಕೂಡ ಒಂದು ಡಿಸ್ಕಿನ ಮೇಲೇ ಕೂತಿದೆ ಅಲ್ವಾ? ಆ ಡಿಸ್ಕಿಗೆ ರೂಟ್ ಅಂತ ಹೆಸರು. ಹೆಸರು ಬೇರು, ಪಾಡು ಮಾತ್ರ ಕೊಂಬೆಯದು. ಮಳೆಗೆ ಮುಂಚೆ ತೋಟದಲ್ಲಿ ಮರ ಕಪಾತು ಮಾಡುವವರನ್ನು ನೋಡಿ. ಮೇಲಿನ ಕೊಂಬೆಗಳನ್ನೆಲ್ಲ ಕಡಿಯುತ್ತಾ ಇಳಿಯುತ್ತಾರೆ. ಕಾಲಿಟ್ಟ ಕೊಂಬೆಯೇ ಉಳಿದಾಗ ಏಣಿಗೆ ದಾಟಿ, ಅಲ್ಲಿಂದ ಕತ್ತಿ ಬೀಸುತ್ತಾರೆ. ಲಿನಕ್ಸಿನ ಏಣಿ ಮೆಮೊರಿಯಲ್ಲಿರುವ ಒಂದು ಪುಟ್ಟ ವ್ಯವಸ್ಥೆ, ಹೆಸರು ಇನಿಟ್‌ರಾಮ್‌ಎಫ್‌ಎಸ್. ಕಂಪ್ಯೂಟರ್ ಶುರುವಾಗುವಾಗ ರೂಟ್ ಡಿಸ್ಕನ್ನು ಹುಡುಕಿಕೊಟ್ಟದ್ದೂ ಅದೇ. ಹತ್ತಿದ ಏಣಿಯಲ್ಲೇ ಇಳಿದು ಬಂದು ರೂಟನ್ನು ಕಳಚುತ್ತದೆ. ಏಣಿ ಇಲ್ಲದ ಕಡೆ ರೂಟನ್ನು 'ಓದು ಮಾತ್ರ' ಎಂಬ ಸ್ಥಿತಿಗೆ ತಂದು, ಇನ್ನು ಯಾರೂ ಅದರಲ್ಲಿ ಬರೆಯದಂತೆ ಮಾಡಿ, ಪವರ್ ತೆಗೆಯುತ್ತದೆ.

ಕೊನೆಯಲ್ಲಿ ಡಿಸ್ಕಿಗೇ ಎರಡು ಮಾತು: ನಿನ್ನ ಸ್ವಂತ ಮೆಮೊರಿಯಲ್ಲಿರುವುದನ್ನು ಬರೆದುಕೋ, ತಿರುಗುವ ಡಿಸ್ಕಾದರೆ ಓದುವ ತಲೆಯನ್ನು ಪಕ್ಕಕ್ಕೆ ಇಡು. ನನ್ನ ಗೆಳೆಯರು ಬಟನ್ ಒತ್ತಿ ಹಿಡಿದಾಗ ಈ ಎರಡೂ ಮಾತು ಡಿಸ್ಕಿಗೆ ತಲುಪುವುದಿಲ್ಲ. ಆಗ ತಟ್ಟೆಗಳು ಇನ್ನೂ ತಿರುಗುತ್ತಿರುವ ವೇಗದಿಂದಲೇ ಮೋಟಾರು ಚೂರು ಕರೆಂಟು ಹುಟ್ಟಿಸಿಕೊಂಡು, ಆ ತಲೆಯನ್ನು ಹೇಗೋ ದಡ ಸೇರಿಸುತ್ತದೆ. ಬರೆಯದೆ ಉಳಿದ ಫೈಲಿಗೆ ಆ ಚೂರು ಕರೆಂಟು ಸಾಲುವುದಿಲ್ಲ.